ಮೆಹಂದಿ ಇಲ್ಲದ ಎಡಗೈ

ತಸ್ಲೀಮಾಳ ಬಲಗೈಗೆ ಮೆಹಂದಿ ಹಚ್ಚಿ ಮುಗಿಸಿ ಮಾಬೂಬಿ ಎಡಗೈ ಹಿಡಿದಿದ್ದಳು. ನಾಳೆ ನಿಕಾ. ಇಬ್ಬರೂ ಗಂಗಾವತಿಯ ಕಾಲೇಜಿನಲ್ಲಿ ಒಂದೇ ಬೆಂಚಿನ ಗೆಳತಿಯರು.

"ಸುಮ್ನ ಕುಂದ್ರ. ಅಲುಗಾಡಿದ್ರ ಗಂಡನ ಹೆಸರು ಬಿಟ್ಟು ಮಾವನ ಹೆಸರು ಬರೀತೀನಿ" ಎಂದಳು ಮಾಬೂಬಿ. ಇಬ್ಬರೂ ನಕ್ಕರು.

ಅಷ್ಟರಲ್ಲಿ ಗಂಡಿನ ತಾಯಿ ಹುಸೇನಬೀ ಮದುವೆಯ ಸಾಮಾನು ನೋಡಲು ಕುಷ್ಟಗಿಯಿಂದ ಬಂದಳು. ಮಂಚ, ಅಲಮಾರಿ ನೋಡಿ, ಗಾದಿಯ ಮೇಲೆ ಕೈಯಾಡಿಸಿದಳು. "ಗಾದಿ ಭಾಳ ಛಲೋ ಐತಿ. ಈ ಹುಡುಗಿ ಯಾರ್ರಿ?"

ಮಾಬೂಬಿ ಪಿಂಜಾರರ ಹುಡುಗಿ. ತಸ್ಲೀಮಾಳ ತಾಯಿ ಕಾಸೀಮಬೀಗೆ ಪಿಂಜಾರರೆಂದರೆ ತಾತ್ಸಾರ. ಹತ್ತಿ ಹಿಂಜಿ ಗಾದಿ ಹೊಲಿಯುವವರು, ಮನೆಯಲ್ಲಿ ಉರ್ದು ಬಿಟ್ಟು ಕನ್ನಡ ಆಡುವವರು, ಇವರೆಂಥ ಮುಸಲ್ಮಾನರು ಎಂದು ಮಗಳ ತಲೆ ತಿನ್ನುತ್ತಿದ್ದಳು. ತನ್ನ ಉರ್ದುವಿನಲ್ಲಿ ಅರ್ಧ ಕನ್ನಡವೇ ಇರುವುದು ಆಕೆಗೆ ತಿಳಿಯದು.

"ಗಾದಿ ಹೊಲಿಯೋರ ಹುಡುಗಿರಿ. ಕೆಲಸಕ್ಕ ಬಂದಾಳ. ಏ, ಹೊರಗ ಹೋಗವಾ, ಬೀಗರು ಕುಂದ್ರಲಿ."

ಮಾಬೂಬಿ ಗೆಳತಿಯ ಮುಖ ನೋಡಿದಳು. ಒಂದು ಮಾತು ಸಾಕಿತ್ತು. ತಸ್ಲೀಮಾ ಚಾಪೆ ನೋಡುತ್ತ ಕುಳಿತಳು. ಮಾಬೂಬಿ ಎದ್ದು ಹೋದಳು. ಆ ಗಾದಿಯ ಅಂಚನ್ನು ಗೆಳತಿಗೆಂದು ಅವಳೇ ಹೊಲಿದಿದ್ದಳು.

ಅರಿಸಿನ ಹಚ್ಚಿದ ಮದಲಗಿತ್ತಿ ಹೊಸ್ತಿಲು ದಾಟಬಾರದು. ಬೀಗರು ಹೋದದ್ದೇ ತಡ ತಸ್ಲೀಮಾ ದಾಟಿದಳು. ತಮ್ಮ ಮನೆಯ ಗಾದಿ ಅಂಗಡಿಯಲ್ಲಿ ಮಾಬೂಬಿ ದಿಂಬಿಗೆ ಹತ್ತಿ ತುಂಬುತ್ತಿದ್ದಳು.

"ಈ ಕೈ ಹಂಗ ಉಳದೈತಿ" ಎಂದು ತಸ್ಲೀಮಾ ಎಡಗೈ ಚಾಚಿದಳು. "ಅಮ್ಮೀ ಹಂಗಂತಾಳಂತ ಅನ್ಕೊಂಡಿರಲಿಲ್ಲ."

"ನಿಮ್ಮ ಅಮ್ಮೀ ಯಾವಾಗಲೂ ಹಂಗ ಅಂತಾಳ. ನೀ ಏನಂದಿ?"

"ನೀ ನನ್ನ ಗೆಳತಿ ಅಂತ ಹೇಳಬೇಕಿತ್ತು" ಎಂದಳು ತಸ್ಲೀಮಾ.

"ಅಲ್ಲಿ ಆಡೋ ಮಾತು ಇಲ್ಲ್ಯಾಕ ತಂದಿ? ಮನಿಗೆ ಹೋಗು" ಎಂದು ಮಾಬೂಬಿ ಮತ್ತೆ ಹತ್ತಿಗೆ ಕೈ ಹಾಕಿದಳು.

ಮನೆಯಲ್ಲಿ ಕಾಸೀಮಬೀ ಕೂಗಾಡಿದಳು. ಓಣಿಯ ಇನ್ನೊಬ್ಬಳನ್ನು ಮೆಹಂದಿಗೆ ಕರೆಸಿದಳು. ತಸ್ಲೀಮಾ ಮುಷ್ಟಿ ಬಿಗಿದವಳು ಬಿಚ್ಚಲಿಲ್ಲ.

ನಿಕಾ ಮುಗಿದ ಮೇಲೆ ಹುಸೇನಬೀ ಸೊಸೆಯ ಕೈ ಹಿಡಿದಳು. "ಇದ್ಯಾಕವಾ, ಒಂದು ಕೈ ಬರೇ?"

"ಹಚ್ಚಾಕಿಗೆ ಜ್ವರ ಬಂದಿತ್ರಿ" ಎಂದಳು ಕಾಸೀಮಬೀ.

"ಸುಳ್ಳು" ಎಂದಳು ತಸ್ಲೀಮಾ. "ನಿನ್ನೆ ಯಾರಂತ ಕೇಳಿದ್ರಲ್ಲ, ಆಕಿ ನನ್ನ ಗೆಳತಿರಿ. ಅಮ್ಮೀ ಹೊರಗ ಹಾಕಿದ್ಲು. ನಾ ಬಾಯಿ ಬಿಡಲಿಲ್ಲ."

ಕಾಸೀಮಬೀ ತಲೆ ತಗ್ಗಿಸಿದಳು. ತಸ್ಲೀಮಾ ಬಾಗಿಲ ಕಡೆ ನೋಡಿದಳು. ಈ ಮಾತು ಕೇಳಬೇಕಾದವಳು ಮದುವೆಗೇ ಬಂದಿರಲಿಲ್ಲ. ಎಡಗೈಯನ್ನು ದುಪಟ್ಟಾದೊಳಗೆ ಮುಚ್ಚಿಕೊಳ್ಳಲು ಹೋದಳು, ಮುಚ್ಚಲಿಲ್ಲ. ಎಲ್ಲರೂ ನೋಡಲೆಂದು ತೊಡೆಯ ಮೇಲೆ ಹಾಗೇ ಇಟ್ಟುಕೊಂಡಳು.