ಗೋಡೆಗೆ ಮುಖ ಮಾಡಿ ಮಾಡಿಸಿದ ಪರೀಕ್ಷೆ

ನಮ್ಮ ಅತ್ತಿಗೆ ಸಣ್ಣ ಗ್ರಂಥಾಲಯಗಳಿಗಾಗಿ ಒಂದು ಸಾಫ್ಟ್‌ವೇರ್ ಬರೆದಿದ್ದಾರೆ. ಬಿಟ್ಟಿ, ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು. ಹಿಂದಿನ ಆವೃತ್ತಿಯಲ್ಲಿ ಪುಸ್ತಕ ವಾಪಸ್ ಪಡೆಯಲು ಹೋದವರು ತಪ್ಪು ಗುಂಡಿ ಒತ್ತಿ ಪಟ್ಟಿಯಿಂದ ಓದುಗರನ್ನೇ ಅಳಿಸಿಬಿಟ್ಟಿದ್ದರು. ಈ ಸಲವೂ ಹಾಗಾದರೆ ತಮಗೆ ಕಾಗದದ ರಿಜಿಸ್ಟರೇ ಸಾಕು ಎಂದು ನಮ್ಮ ಬೀದಿಯ ಗ್ರಂಥಪಾಲಕಿ ಖಡಾಖಂಡಿತವಾಗಿ ಹೇಳಿದ್ದರು. ಅವರು ಕೈಬಿಟ್ಟರೆ ಅವರನ್ನು ನೋಡಿ ಇದನ್ನು ಬಳಸುವ ಉಳಿದ ನಲವತ್ತು ಗ್ರಂಥಾಲಯಗಳೂ ಕೈಬಿಡುತ್ತವೆ. ಅತ್ತಿಗೆಯ ಮೂರು ವರ್ಷದ ದುಡಿಮೆ ನೀರುಪಾಲು.

ಹೊಸ ಆವೃತ್ತಿಯ ಬಿಡುಗಡೆ ಭಾನುವಾರ. ಅದಕ್ಕೆ ಮೊದಲು ಇದರ ಗಂಧಗಾಳಿಯಿಲ್ಲದವರನ್ನು ಕೂರಿಸಿ ಪರೀಕ್ಷೆ ಮಾಡಿಸುವ ಕೆಲಸ ನನಗೆ ಬಂತು. ಜನ ಸೇರಿಸುವುದರಲ್ಲಿ ನನಗೆ ಸರಿಸಾಟಿಯಿಲ್ಲ. ಒಮ್ಮೆ ನಿಲ್ದಾಣದಲ್ಲಿ ಮಾತು ಶುರುವಿಟ್ಟುಕೊಂಡಾಗ ಬಸ್ಸು ಖಾಲಿ ಹೋಯಿತು. ಚಾಲಕನೂ ನಮ್ಮ ಜೊತೆಯೇ ಕೂತಿದ್ದ.

ಕ್ಷೌರಿಕ, ದರ್ಜಿ, ಹಲ್ಲಿನ ಡಾಕ್ಟರು, ಒಟ್ಟು ಒಂಬತ್ತು ಜನ ಬಂದರು. ಎಲ್ಲರೂ ಸಲೀಸಾಗಿ ಪುಸ್ತಕ ಕೊಟ್ಟು, ವಾಪಸ್ ಪಡೆದು ಎದ್ದರು. ಕ್ಷೌರಿಕನಂತೂ ಕುರ್ಚಿ ಬಿಸಿಯಾಗುವ ಮೊದಲೇ ಮುಗಿಸಿದ. ಪರೀಕ್ಷೆ ಮಾಡಿಸುವವರು ಸಹಾಯ ಮಾಡಬಾರದು ಎಂಬುದು ನಿಯಮ. ನಾನು ಎದುರಿಗೇ ಕೂತಿದ್ದರೂ ತುಟಿಪಿಟಕ್ಕೆನ್ನಲಿಲ್ಲ.

ಅತ್ತಿಗೆಗೆ ಅನುಮಾನ ಬಂತು. ಕೊನೆಯವರ ಸರದಿಯಲ್ಲಿ ಬಾಗಿಲ ಬಳಿ ನಿಂತು ನೋಡಿದರು.

“ಬಾಯಿ ಮುಚ್ಚಿದ್ದೀಯ, ಸರಿ. ಹುಬ್ಬಲ್ಲೇ ಪಾಠ ಹೇಳ್ತಿದ್ದೀಯಲ್ಲೋ,” ಎಂದರು. “ನಲವತ್ತು ಕಡೆಗೂ ನಿನ್ನ ಹುಬ್ಬು ಕಳಿಸ್ಕೊಡ್ಲಾ?”

ನನ್ನ ಹುಬ್ಬು ಸಾಮಾನ್ಯದ್ದಲ್ಲ, ಒಪ್ಪುತ್ತೇನೆ. ಎಡಗಡೆಯದನ್ನು ಎತ್ತಿದರೆ ರಸ್ತೆಯಲ್ಲಿ ಹೋಗುವ ಲಾರಿಯೂ ಎಡಕ್ಕೆ ತಿರುಗುತ್ತದೆ.

ಮೊದಲಿನವರು ದಾರಿ ಕಲಿತುಬಿಟ್ಟಿದ್ದರಿಂದ ಬೇರೆ ಒಂಬತ್ತು ಜನರನ್ನು ಹಿಡಿದು ತಂದೆ. ಈ ಸಲ ಅತ್ತಿಗೆ ನನ್ನ ಕುರ್ಚಿಯನ್ನು ಗೋಡೆಗೆ ಮುಖ ಮಾಡಿ ಹಾಕಿದ್ದರು. ಒಂಬತ್ತೂ ಜನ ಒಂದೇ ಕಡೆ ಸಿಕ್ಕಿಬಿದ್ದರು. ‘ಅಳಿಸು’ ಗುಂಡಿಯನ್ನು ಅತ್ತಿಗೆ ದೂರಕ್ಕೆ ಅಟ್ಟಿದ್ದರು, ನಿಜ. ಆದರೆ ‘ವಾಪಸ್’ ಗುಂಡಿ ಪರದೆಯ ತಳದಲ್ಲಿ ಅಡಗಿ ಕೂತಿತ್ತು; ಹುಡುಕಿ ಹುಡುಕಿ ಜನ ಮತ್ತೆ ಅಳಿಸುವಲ್ಲಿಗೇ ಬರುತ್ತಿದ್ದರು. ಅಂಚೆಯವನು ಹನ್ನೊಂದು ನಿಮಿಷ ತಡಕಾಡಿ ಒಬ್ಬ ಓದುಗನನ್ನು ಮುಗಿಸಿಯೇಬಿಟ್ಟ. ಹೇಳಬೇಕಾದದ್ದನ್ನೆಲ್ಲ ನುಂಗಿ ನುಂಗಿ ನನಗೆ ಎರಡು ದಿನ ಊಟ ಸೇರಲಿಲ್ಲ.

ಅತ್ತಿಗೆ ಮಾತ್ರ ಖುಷಿಯಾಗಿದ್ದರು. ತಪ್ಪು ಈಗಲೇ ಸಿಕ್ಕಿತಲ್ಲ. ‘ವಾಪಸ್’ ಗುಂಡಿಯನ್ನು ಪುಸ್ತಕದ ಹೆಸರಿನ ಪಕ್ಕಕ್ಕೇ ತಂದು, ಶನಿವಾರ ಗ್ರಂಥಪಾಲಕಿಯನ್ನೇ ಕರೆಸಿ ಕೂರಿಸಿದರು. ನಾನು ಗೋಡೆ ನೋಡುತ್ತಿದ್ದೆ. ಬೆನ್ನ ಹಿಂದೆ ಮೌಸಿನ ಸದ್ದು ಎರಡು ಸಲ ಕೇಳಿತು, ಅಷ್ಟೇ.

“ಇಷ್ಟೇನಾ?” ಎಂದರು ಗ್ರಂಥಪಾಲಕಿ. “ಇಷ್ಟಕ್ಕೆ ನನ್ನನ್ಯಾಕಮ್ಮಾ ಕರೆಸಿದ್ರಿ?”

ಇಬ್ಬರೂ ಪಕ್ಕದ ಕೋಣೆಗೆ ಹೋಗಿ ಒಂದು ದಿನ ಮೊದಲೇ ಬಿಡುಗಡೆ ಮಾಡಿಬಿಟ್ಟರಂತೆ. ನನಗೆ ಹೇಳುವುದು ಯಾರಿಗೂ ನೆನಪಾಗಲಿಲ್ಲ. ನಾನು ಇಂಥ ಪರೀಕ್ಷೆಯ ಮಹತ್ವವನ್ನು ಗೋಡೆಗೆ ವಿವರಿಸುತ್ತಿದ್ದೆ. ಅದು ಗಮನವಿಟ್ಟು ಕೇಳಿತು. ನಡುವೆ ಒಂದು ಒಳ್ಳೆಯ ಪ್ರಶ್ನೆಯನ್ನೂ ಹಾಕಿತು.