ಹತ್ತು ವರ್ಷದ ರಹವಾಸಿ

ಹೊಳೆವ್ವ ಎಂಟು ದಿನದಿಂದ ಬಾಜೂ ಮನೆಯ ತಾಯವ್ವನ ಜೊತೆ ಮಾತು ಬಿಟ್ಟಿದ್ದಳು. ಇಂದು ಆ ಹೆಂಗಸನ್ನೇ ಕರೆದುಕೊಂಡು ತಿಕೋಟಾದಿಂದ ವಿಜಾಪುರದ ಕಚೇರಿಗೆ ಹೊರಟಿದ್ದಳು. ಬಸ್ಸು ಅಥಣಿ ರಸ್ತೆಯಲ್ಲಿ ಇಟ್ಟಂಗಿಹಾಳದ ಹತ್ತಿರ ಬಂದರೂ ಒಂದೇ ಸೀಟಿನಲ್ಲಿ ಒಬ್ಬಳು ಕಿಟಕಿ ನೋಡುತ್ತ, ಇನ್ನೊಬ್ಬಳು ಡ್ರೈವರನ ಬೆನ್ನು ನೋಡುತ್ತ ಕುಳಿತಿದ್ದರು.

ಸಿಟ್ಟಿಗೆ ಕಾರಣ ಸಣ್ಣದಲ್ಲ. ಹೊಳೆವ್ವನಿಗೆ ನರ್ಸ್ ತರಬೇತಿಗೆ ಸೀಟು ಸಿಕ್ಕಿತ್ತು. ಹತ್ತು ವರ್ಷ ಈ ತಾಲೂಕಿನಲ್ಲೇ ಇದ್ದವಳೆಂಬ ರಹವಾಸಿ ದಾಖಲೆಯನ್ನು ಶುಕ್ರವಾರದೊಳಗೆ ಕೊಡಬೇಕು, ಇಲ್ಲವಾದರೆ ಸೀಟು ಇನ್ನೊಬ್ಬರ ಪಾಲು. ಇಂದು ಆಗಲೇ ಬುಧವಾರ. ಅಪ್ಪ ರಾಯಪ್ಪ, ಅವ್ವ ಸಾವಂತ್ರವ್ವ ದೀಪಾವಳಿ ಮುಗಿಯುತ್ತಲೇ ರತ್ನಾಗಿರಿ ಕಡೆ ರಸ್ತೆಯ ಕಲ್ಲು ಒಡೆಯಲು ಹೋದರೆ ಮಳೆಗಾಲಕ್ಕೇ ಮರಳುವವರು. ಚಿಕ್ಕ ಮಕ್ಕಳನ್ನು ಜೊತೆಗೆ ಒಯ್ದು, ಸಾಲಿಗೆ ಹೋಗುವ ಹೊಳೆವ್ವನನ್ನೂ ಮನೆಯ ಕೀಲಿಯನ್ನೂ ತಾಯವ್ವನ ಕೈಗೆ ಕೊಟ್ಟು ಹೋಗುತ್ತಿದ್ದರು. ಹದಿನೆಂಟರೊಳಗೆ ಅರ್ಜಿ ಹಾಕಿದ್ದರೆ ಅಪ್ಪನ ಹೆಸರಲ್ಲೇ ದಾಖಲೆ ಸಿಗುತ್ತಿತ್ತಂತೆ. ಈಗ ಅವಳಿಗೆ ಹತ್ತೊಂಬತ್ತು. ದೊಡ್ಡವರಾದ ಮಕ್ಕಳಿಗೆ ಅಪ್ಪನ ಮನೆ ಲೆಕ್ಕಕ್ಕಿಲ್ಲ, ತಾವು ಸ್ವತಃ ಎಲ್ಲಿದ್ದೆವೆಂದು ತೋರಿಸಬೇಕು. ಅದೆಂಥ ಕಾನೂನೋ, ಮಾಡಿದವನ ಅಪ್ಪ ಎಂದೂ ದುಡಿಯಲು ಊರು ಬಿಟ್ಟು ಹೋಗಿರಲಿಕ್ಕಿಲ್ಲ.

ತೋರಿಸಲು ಸಾಲಿಯ ಕಾಗದ ಇತ್ತು. ಆದರೆ ಕಚೇರಿಯ ಫೈಲಿನಲ್ಲಿ ಅದಕ್ಕಿಂತ ಮೊದಲೇ ಇನ್ನೊಂದು ಕಾಗದ ಬಂದು ಕೂತಿತ್ತು. ರಾಯಪ್ಪನ ಕುಟುಂಬ ಮಕ್ಕಳ ಸಮೇತ ಊರು ಬಿಟ್ಟು ಹತ್ತು ವರ್ಷ ಆಯಿತು, ಹೇಳಿಕೆ ಕೊಟ್ಟವರು ನೆರೆಮನೆಯ ತಾಯವ್ವ ಎಂದು ಬರೆದಿತ್ತು. ಕೆಳಗೆ ಅವಳ ಹೆಬ್ಬೆಟ್ಟು.

ಅದು ಹೋದ ಶ್ರಾವಣದ ಮಾತು, ಎಪ್ಪತ್ತಾರನೇ ಇಸವಿ. ಮಕ್ಕಳಾಗದಂತೆ ಆಪರೇಶನ್ ಮಾಡಿಸಲು ಗಂಡಸರನ್ನು ಹಿಡಿದೊಯ್ಯುವ ಜೀಪು ಬಂತೆಂದರೆ ಓಣಿಗೆ ಓಣಿಯೇ ತೊಗರಿ ಹೊಲ ಸೇರುತ್ತಿದ್ದ ಕಾಲ. ರಾಯಪ್ಪ ಆಗ ಮನೆಯಲ್ಲಿದ್ದ, ಓಡಲು ಹೊತ್ತಿರಲಿಲ್ಲ. ತಾಯವ್ವ ಅವನನ್ನೂ ಹೆಂಡತಿ ಮಕ್ಕಳನ್ನೂ ಒಳಗೆ ನೂಕಿ, ತನ್ನ ಬಳಿಯಿದ್ದ ಕೀಲಿಯಿಂದ ಹೊರಗೆ ಬೀಗ ಜಡಿದು, ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕುಳಿತಳು. ಕೇಳಿದವರಿಗೆ, “ಅವರೆಲ್ಲದಾರ್ರಿ ಇಲ್ಲೆ? ಮಕ್ಕಳು ಮರಿ ಕಟ್ಕೊಂಡು ಊರ ಬಿಟ್ಟು ಹತ್ತ ವರ್ಷ ಆತು” ಎಂದಳು. ಜೀಪಿನ ಜೊತೆ ಬಂದ ಗುಮಾಸ್ತ ಅದನ್ನೇ ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡ. ಒಳಗಿದ್ದ ಹೊಳೆವ್ವ ಬಾಯಿಗೆ ಕೈ ಒತ್ತಿಕೊಂಡು ನಕ್ಕಿದ್ದಳು.

ಈಗ ನಗುವಂತಿರಲಿಲ್ಲ. “ಇಲ್ಲ ಅಂದಿದ್ರ ಸಾಕಿತ್ತಲ್ಲ ಚಿಗವ್ವ, ಹತ್ತ ವರ್ಷ ಅಂತ ಯಾಕ ಸೇರಿಸಿದಿ?” ಎಂದು ಎಂಟು ದಿನದ ಹಿಂದೆ ಕೇಳಿದ್ದಳು. “ಬಾಯಿಗೆ ಬಂತು, ಅಂದೆ” ಎಂದಿದ್ದಳು ತಾಯವ್ವ. ಮಾತು ನಿಂತದ್ದು ಅಲ್ಲಿಗೇ.

ಕಚೇರಿಯ ಗುಮಾಸ್ತ ಶಂಕರೆಪ್ಪ ಕೆಟ್ಟವನಲ್ಲ, ಕಾಗದದ ಮನುಷ್ಯ ಅಷ್ಟೆ. ಬಾಗಿಲ ತನಕ ಮಂದಿ ನಿಂತಿದ್ದರು, ಅವರಲ್ಲಿ ತಿಕೋಟಾದವರೇ ನಾಲ್ಕು ಜನ.

“ಅವತ್ತ ಸುಳ್ಳ ಹೇಳಿದ್ಯೋ, ಇವತ್ತ ಹೇಳಾಕತ್ತಿಯೋ ಯವ್ವಾ?” ಎಂದು ಅವನು ತಾಯವ್ವನನ್ನು ಕೇಳಿದ.

“ಅವತ್ತ ಹೇಳೇನ್ರಿ. ಈ ಹುಡುಗಿ ನಮ್ಮ ಮನ್ಯಾಗ ಉಂಡು ಬೆಳದಾಳ.”

“ಯಾಕ ಹೇಳಿದಿ? ಮಂದಿ ಮನಿ ಸಲುವಾಗಿ ಯಾರೂ ಸರಕಾರಕ್ಕ ಸುಳ್ಳ ಹೆಬ್ಬಟ್ಟ ಒತ್ತೂದಿಲ್ಲ. ಈಗ ಸೀಟಿನ ಆಶಾಕ್ಕ ತಿರುವಿ ಹೇಳಾಕತ್ತಾರ ಅಂತಾರ ಸಾಹೇಬ್ರು. ನಂಬುವಂಥಾ ಕಾರಣ ಬೇಕು.”

ತಾಯವ್ವ ನೆಲ ನೋಡಿದಳು. ಹೊಳೆವ್ವನ ತಾಳ್ಮೆ ತಪ್ಪಿತು.

“ಹೇಳ ಚಿಗವ್ವ. ಅವತ್ತ ಅರಳ ಹುರದಂಗ ಮಾತಾಡಿದಿ, ಇವತ್ತ ಬಾಯಾಗ ಏನ ಇಟ್ಕೊಂಡೀದಿ?”

ತಾಯವ್ವ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಸೆರಗು ತಲೆಯ ಮೇಲೆ ಎಳೆದುಕೊಂಡು ಹೇಳಿದಳು.

“ಅದಕ್ಕ ನಾಕ ದಿನ ಮೊದಲ ನಮ್ಮನಿಯವ್ರನ್ನ ಒಯ್ದಿದ್ರುರಿ. ಸಾರವಾಡಕ್ಕ ದುಡ್ಯಾಕ ಹೋಗಿದ್ರು, ಬಬಲೇಶ್ವರದ ಹಾದ್ಯಾಗ ಜೀಪ ಹತ್ತಿಸ್ಕೊಂಡ್ರು. ನಮಗ ಒಂದೂ ಮಕ್ಕಳಿಲ್ಲ ಅಂತ ಕೈ ಮುಗದ್ರೂ ಕೇಳಲಿಲ್ಲಂತ. ಆಪರೇಶನ್ ಮಾಡಿ, ಒಂದ ಡಬ್ಬಿ ತುಪ್ಪ ಕೊಟ್ಟು ಕಳಿಸಿದ್ರು. ಊರಾಗ ಯಾರಿಗೂ ಗೊತ್ತಿಲ್ರಿ, ಅಕ್ಕನ ಊರಿಗೆ ಹೋಗಿದ್ರು ಅಂತ ಹೇಳೇನಿ. ಅದಽ ಜೀಪ ನಮ್ಮ ಓಣಿಗೆ ಬಂತು. ಮತ್ತ ಹುಡುಕ್ಕೊಂಡು ಬರಬಾರದು ಅಂತ ಹತ್ತ ವರ್ಷ ಸೇರಿಸಿದೆ.”

ಬಾಗಿಲ ಬಳಿಯ ಮಾತುಕತೆ ನಿಂತಿತು. ಹೊಳೆವ್ವನಿಗೆ ಭೂಮಿ ಬಾಯಿ ಬಿಟ್ಟರೆ ಇಳಿದುಹೋಗಬೇಕೆನಿಸಿತು. ಸಂಜೆಯೊಳಗೆ ಇದು ತಿಕೋಟಾದ ತುಂಬ ಹರಡುತ್ತದೆ, ತಾಯವ್ವನ ಗಂಡ ರಾಮಲಿಂಗ ಕಾಕಾ ನಾಳೆಯಿಂದ ಚಾವಡಿಯ ಮುಂದೆ ಹೇಗೆ ಹಾಯ್ದು ಹೋಗಬೇಕು? ಗಂಡ ಹೆಂಡತಿ ಹತ್ತು ತಿಂಗಳು ಮುಚ್ಚಿಟ್ಟುಕೊಂಡದ್ದನ್ನು ಬಾಯಿ ಬಿಡಿಸಿದವಳು ತಾನು, ಅದೂ ಗದರಿಸಿ.

ಶಂಕರೆಪ್ಪ ತಲೆ ಎತ್ತದೆ ಬರೆದ. ಓದು ಬಾರದವರಿಗೆ ಓದಿ ಹೇಳಿಯೇ ಹೆಬ್ಬೆಟ್ಟು ಒತ್ತಿಸಬೇಕೆಂದು ನಿಯಮ. ಗಂಟಲು ಸರಿಮಾಡಿಕೊಂಡು ದೊಡ್ಡ ದನಿಯಲ್ಲಿ ಶುರು ಮಾಡಿದ. “ನಾನು ತಾಯವ್ವ, ಗಂಡ ರಾಮಲಿಂಗ, ಸಾಕಿನ್ ತಿಕೋಟಾ...”

“ನಿಲ್ಲಸ್ರಿ,” ಎಂದಳು ಹೊಳೆವ್ವ. “ನಾ ಓದಿ ಹೇಳತೇನ್ರಿ.”

ಅವನು ಏನನ್ನುವ ಮೊದಲೇ ಕಾಗದ ತೆಗೆದುಕೊಂಡು, ತಾಯವ್ವನ ಕಿವಿಗೆ ಬಾಯಿ ಹಚ್ಚಿ, ಅವಳಿಗಷ್ಟೇ ಕೇಳುವಂತೆ ಓದತೊಡಗಿದಳು. ಮಕ್ಕಳಿಲ್ಲ ಎಂಬ ಸಾಲಿಗೆ ಬಂದಾಗ ಅದನ್ನು ಬಿಟ್ಟು ಮುಂದಿನ ಸಾಲಿಗೆ ಹೋದಳು.

“ಓದ ಮಗಳ,” ಎಂದಳು ತಾಯವ್ವ. “ಬಿಟ್ಟ ಓದಿದ್ರ ನಡ್ಯೂದಿಲ್ಲಂತ. ನಿನ್ನ ಸೀಟ ಹೋಗತೈತಿ.”

ಹೊಳೆವ್ವ ಓದಿದಳು.