ಮಡಿಯಲ್ಲಿದ್ದ ದೇವರು

ಗಾಜಿಪುರದ ಪಾಂಡುರಂಗರಾಯರು ಮೂವತ್ತು ವರ್ಷದಿಂದ ಪುರಾಣ ಹೇಳುತ್ತ ಬಂದವರು. ಜಗತ್ ಸರ್ಕಲ್ಲಿನ ಬಳಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಹಮೀದ್ ರಾಯರನ್ನು ಹುಡುಕಿಕೊಂಡು ಬಂದದ್ದು ಅದಕ್ಕೇ.

“ಕಾಕಾ, ಹೈದರಾಬಾದಿನವ್ರು ಕಂಪ್ಯೂಟರದಾಗ ಆಡೂ ಆಟ ಮಾಡಾಕತ್ತಾರ್ರಿ. ಅದರಾಗ ಎರಡು ದೇವ್ರು ಬೇಕಂತ. ಒಬ್ಬರಿಗೊಬ್ಬರು ಆಗಬಾರ್ದು. ಆಡಾವ್ರು ಯಾರರೆ ಒಬ್ಬರ ಕಡೆ ನಿಂತು ಬಡದಾಡ್ತಾರ. ಹಳೇವು ಬ್ಯಾಡ್ರಿ, ಹೊಸಾವ ಬೇಕು.”

“ಇದ್ದ ದೇವ್ರಿಗೇ ನೈವೇದ್ಯ ಸಾಲವಲ್ದು, ಮತ್ತೆರಡು ಹುಟ್ಟಿಸ್ಲೇನೋ?” ಎಂದು ರಾಯರು ನಕ್ಕರು. ಆದರೂ ಎಂಟು ದಿನ ಕೂತು ಬರೆದರು.

ಉರಿಯ, ತಂಪ ಎಂದು ಇಬ್ಬರು ದೇವರು. ಸಿಟ್ಟಿಗೆದ್ದ ಉರಿಯ ಏಳು ಬಾಗಿಲ ಊರಿಗೆ ಬೆಂಕಿ ಇಟ್ಟ. ಎದುರು ಗುಡ್ಡದ ಮೇಲೆ ತಂಪ ಮಡಿಲಲ್ಲಿ ಮೋಡ ಇಟ್ಟುಕೊಂಡು ಕೂತಿದ್ದ. ‘ತಂಪ ಮಡಿಯಲ್ಲಿದ್ದ. ಬೂದಿ ಸೋಕಿದರೆ ಮಡಿ ಕೆಡುತ್ತಿತ್ತು. ಆತ ಕದಲಲಿಲ್ಲ. ಊರು ಉರಿದುಹೋಯಿತು.’ ಬರೆಯುವಾಗ ಆ ಸಾಲು ತಾನಾಗಿಯೇ ಬಂದುಬಿಟ್ಟಿತ್ತು. ಎಲ್ಲಿಂದ ಬಂತೆಂದು ರಾಯರಿಗೆ ಗೊತ್ತಿತ್ತು. ಹೊಡೆದುಹಾಕಲು ಕೈ ಬರಲಿಲ್ಲ.

ಹಮೀದ್ ಅದನ್ನು ಉರ್ದುವಿನಲ್ಲಿ ಬರೆದು ಹೈದರಾಬಾದಿಗೆ ಕಳಿಸಿದ. ವಾರದೊಳಗೆ ಓಡಿಬಂದ.

“ಭಾಳ ಖುಷ್ ಆಗ್ಯಾರ್ರಿ ಕಾಕಾ! ಆದ್ರ ಒಂದು ಗಡಬಡ ಆಗ್ಯದ. ಮಡಿಯಲ್ಲಿದ್ದ ಅನ್ನೂದಕ್ಕ ನಾ ‘ಪಾಕ್ ಥಾ’, ಶುದ್ಧ ಇದ್ದ, ಅಂತ ಬರದೆ. ಅವ್ರು ಪಾಕ್ ಅಂದ್ರ ಬೇಗುನಾಹ್, ಏನೂ ತಪ್ಪಿಲ್ಲದಾವ ಅಂತ ತಿಳ್ಕೊಂಡಾರ. ತಂಪ ಒಳ್ಳೆ ದೇವ್ರು, ಉರಿಯ ಸೈತಾನ. ಹಂಗೇ ಆಟದಾಗ ಹಾಕ್ತಾರಂತ. ಬರೋಬ್ಬರಿ ಅದನೋ ಇಲ್ಲೋ, ಸೋಮವಾರ ಹೇಳ್ರಿ.”

ಬರೋಬ್ಬರಿ ಇಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. “ಸೋಮವಾರ ಹೇಳ್ತೀನಿ,” ಎಂದು ರಾಯರು ಅವನನ್ನು ಕಳಿಸಿದರು. ಆದಿತ್ಯವಾರ ಕಮಲಾಪುರದ ಬಸ್ಸು ಹತ್ತಿದರು. ಅಲ್ಲಿ ತವರುಮನೆಯಲ್ಲೇ ತಂಗಿ ಭಾಗೀರಥಿಬಾಯಿ ಇದ್ದಳು.

ಹದಿನೇಳು ವರ್ಷದ ಹಿಂದೆ, ಆ ಮನೆಯಲ್ಲೇ ತಂದೆಯ ಶ್ರಾದ್ಧ. ಏನೋ ಮಾತಿಗೆ ಸಿಟ್ಟಾದ ತಮ್ಮ ಪ್ರಹ್ಲಾದ ಒಲೆಯ ಕೊಳ್ಳಿಯನ್ನು ಒದ್ದ. ಕೊಳ್ಳಿ ಹೋಗಿ ಭಾಗೀರಥಿಯ ಮಗಳು ಇಂದೂಳ ಸೆರಗಿಗೆ ಬಿತ್ತು. ರಾಯರು ನಾಲ್ಕು ಮಾರು ದೂರದಲ್ಲಿ ಒದ್ದೆ ಪಂಚೆ ಉಟ್ಟು ಪಿಂಡದ ಮುಂದೆ ಕೂತಿದ್ದರು. ಪಕ್ಕದಲ್ಲಿ ಮಡಿನೀರಿನ ಕೊಡ ತುಂಬಿತ್ತು. “ಯಾರರೆ ಬರ್ರೋ!” ಎಂದು ಕೂಗಿದರು, ಏಳಲಿಲ್ಲ. ಮುಟ್ಟಿದರೆ ಪಿತೃಕಾರ್ಯ ಕೆಡುತ್ತಿತ್ತು. ಕಂಬಳಿ ಹಿಡಿದು ಓಡಿಬಂದು ಹುಡುಗಿಯನ್ನು ಸುತ್ತಿದವಳು ಪಕ್ಕದ ಮನೆಯ ಚಾಂದಬಿ. ಇಂದೂ ಮೂರು ದಿನ ನರಳಿ ತೀರಿಕೊಂಡಳು. ಚಾಂದಬಿ ಅಡಿಗೆಮನೆಗೆ ಬಂದಿದ್ದಳೆಂದು ರಾಯರು ಬೆಂಕಿ ಬಿದ್ದ ದಿನದ ಸಂಜೆಯೇ ಮನೆಯನ್ನೆಲ್ಲ ತೊಳೆಸಿದ್ದರು. ಊರು ಪ್ರಹ್ಲಾದನ ಮುಖಕ್ಕೆ ಉಗಿಯಿತು. ರಾಯರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಭಾಗೀರಥಿಬಾಯಿ ತೊಗರಿಬೇಳೆ ಹಸನ ಮಾಡುತ್ತ ಕಥೆಯನ್ನು ಪೂರ್ತಿ ಕೇಳಿದಳು.

“ತಪ್ಪು ಯಾರ್ದು ಭಾಗೀ?”

“ಆಟದ ಸಲುವಾಗಿ ಕೇಳ್ತಿಯೋ, ನಿನ್ನ ಸಲುವಾಗಿ ಕೇಳ್ತಿಯೋ?”

“ಆಟದ ಸಲುವಾಗಿ.”

“ಉರಿಯಂದೂ ಅದ. ಇಲ್ಲ ಅನ್ನಾಂಗಿಲ್ಲ. ಸಿಟ್ಟು ಬಂತು, ಕಣ್ಣು ಕಾಣಲಿಲ್ಲ. ತಂಪಗ ಕಣ್ಣು ಕಾಣ್ತಿತ್ತಲ್ಲ, ದಾದಾ. ಮಡಿಲಾಗ ನೀರಿತ್ತು.”

“ಶಾಸ್ತ್ರ ಇತ್ತಲ್ಲ...”

“ಇತ್ತು.” ಆಕೆ ಮೊರದಲ್ಲಿ ಬೇಳೆ ಕೇರಿದಳು. “ಪ್ರಹ್ಲಾದ ಸಾಯೂತನಕಾ ವರ್ಷಾ ವರ್ಷಾ ಬರ್ತಿದ್ದ. ಹೊಸ್ತಿಲ ಹೊರಗ ಕೂತು ಬೈಸ್ಕೋತಿದ್ದ. ನಾ ಬೈತಿದ್ದೆ. ಬೈದು ಬೈದು ಅವನ ಮ್ಯಾಲಿನ ಸಿಟ್ಟು ಸವದುಹೋತು. ನಿನಗ ಯಾರು ಬೈದ್ರು? ಬಂದಾಗೆಲ್ಲ ಮಣಿ ಹಾಕಿ ಕೂಡಿಸಿದ್ವಿ.”

“ಈಗರೆ ಬೈ!”

“ಬೈದ್ರ ನಿನಗ ಹಗುರಾಗ್ತದ. ಒಲ್ಲೆ.” ಕಲ್ಲೊಂದನ್ನು ಆರಿಸಿ ಅಂಗಳಕ್ಕೆ ಎಸೆದಳು. “ಮಡಿ ಅಂದ್ರ ತಪ್ಪಿಲ್ಲ ಅಂತ ಅರ್ಥ ಅಲ್ಲ. ಇಷ್ಟು ಆ ಹಮೀದಗ ಹೇಳು. ಅಷ್ಟರೆ ನಿನ್ನ ಬಾಯಿಲೆ ಬರ್ಲಿ.”

ಹೇಳುತ್ತೇನೆ ಎಂದರು ರಾಯರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ವಾಕ್ಯವನ್ನು ಬಾಯಿಪಾಠ ಮಾಡಿದರು.

ಸೋಮವಾರ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವರಲ್ಲೊಬ್ಬರು ಸಾವಿತ್ರಿಬಾಯಿ, ದಿನವೂ ಪುರಾಣಕ್ಕೆ ಬರುವವರು. ರಾಯರನ್ನು ಕಂಡದ್ದೇ ಎದ್ದು ಸೆರಗು ಹೊದ್ದು ಕಾಲಿಗೆರಗಿದರು. “ಇಂಥಾ ಶುದ್ಧ ಮಂದಿ ಇದ್ದಾರಂತನ ಮಳಿ ಬೆಳಿ ಆಗ್ತಾವ ನೋಡಪಾ,” ಎಂದು ಹಮೀದನಿಗೆ ಹೇಳಿದರು. ಹಮೀದ್ ಕುರ್ಚಿ ಒರೆಸಿ ಕೊಟ್ಟ.

“ಏನ್ರಿ ಕಾಕಾ, ಮಡಿ ಅಂದ್ರೂ ತಪ್ಪಿಲ್ಲ ಅಂದ್ರೂ ಎರಡೂ ಒಂದೇ ಏನ್ರಿ? ಬರದು ಕಳಿಸ್ತೀನಿ.”

ರಾಯರು ಕುರ್ಚಿಯ ಮೇಲೆ ಕೂತರು. ಸಾವಿತ್ರಿಬಾಯಿ ಕೈಮುಗಿದುಕೊಂಡೇ ನಿಂತಿದ್ದರು.

“ಒಂದೇ,” ಎಂದರು ರಾಯರು. ಮೂವತ್ತು ವರ್ಷ ಪಳಗಿದ ದನಿ, ಎಲ್ಲಿಯೂ ತೊಡರಲಿಲ್ಲ.